ಗುಂಡಮ್ಮನ ಅಳತೆ

ಹೋದ ವರ್ಷ ನಮ್ಮನೆ ಕೆಲಸಕ್ಕೆ ಬರ್ತಿದ್ದ ಅಕ್ಕ ಒಂದು ದಿನ ಇದ್ದಕ್ಕಿದ್ದ ಹಾಗೆ ಬರೋದು ನಿಲ್ಲಿಸಿಬಿಟ್ಟರು. ಫೋನ್ ಮಾಡಿದರೆ ತೆಗೆಯಲಿಲ್ಲ. ಮೂರನೇ ದಿನ ನನ್ನ ಹೆಂಡತಿ ಕೆಳಗೆ ಸೆಕ್ಯುರಿಟಿಯವರ ಹತ್ತಿರ ವಿಚಾರಿಸಿದಾಗ ವಿಷಯ ಹೊರಬಿತ್ತು. 'ನಿಮ್ಮ ಸಾರು ಏನೋ ಮಾಡಿಸ್ತಾ ಇದಾರಂತೆ ಮೇಡಂ' ಅಂದರಂತೆ ಅವರು, ದನಿ ತಗ್ಗಿಸಿ.

ಆಗಿದ್ದು ಇಷ್ಟು. ಹಿಂದಿನ ರಾತ್ರಿ ನಮ್ಮದೊಂದು ರಿಲೀಸ್ ಇತ್ತು. ಎರಡು ಗಂಟೆವರೆಗೂ ಎದ್ದಿದ್ದು, ಅರ್ಧ ಹೊಲಿದ ಬಟ್ಟೆಗೊಂಬೆಯೊಂದನ್ನ ಸೋಫಾ ಮೇಲೆ ಹಾಗೇ ಬಿಟ್ಟು ಮಲಗಿದ್ದೆ. ಮುಖ ಇನ್ನೂ ಬಿಡಿಸಿರಲಿಲ್ಲ. ತೋಳು ಕೂರಬೇಕಾದ ಜಾಗಕ್ಕೆ, ಸೊಂಟಕ್ಕೆ, ಕುತ್ತಿಗೆಗೆ ಅಂತ ಒಟ್ಟು ಹನ್ನೊಂದು ಗುಂಡುಪಿನ್ನು ಚುಚ್ಚಿದ್ದೆ. ಪಕ್ಕದಲ್ಲಿ ಕೆಂಪು ಬಟ್ಟೆ ಚೂರು, ಕರಿ ದಾರದ ಉಂಡೆ. ಟೀಗೆ ಹಿಂಡಿ ಉಳಿದ ಅರ್ಧ ನಿಂಬೆಹಣ್ಣೂ ಅಲ್ಲೇ ಇತ್ತು. ಸಾಲದ್ದಕ್ಕೆ ಅವತ್ತು ಅಮಾವಾಸ್ಯೆ.

ಅವರ ತಪ್ಪೇನೂ ಇಲ್ಲ ಬಿಡಿ. ನಮ್ಮಜ್ಜಿ ಬದುಕಿದ್ದು ಅದನ್ನ ನೋಡಿದ್ದರೂ ಪೊರಕೆ ಹಿಡ್ಕೊಂಡೇ ಬರ್ತಿದ್ದಳು. ಕೊನೆಗೆ ನನ್ನ ಹೆಂಡತಿ ಅಕ್ಕನ ಮನೆಗೇ ಹೋಗಿ, ಮುಗಿದ ನಾಲ್ಕು ಗೊಂಬೆಗಳನ್ನ ತೋರಿಸಿ, 'ನೋಡಿ, ಇದು ಮಾಟ ಅಲ್ಲ, ಇವರಿಗಿರೋ ಹುಚ್ಚು ಅಷ್ಟೆ' ಅಂತ ಸಮಾಧಾನ ಹೇಳಿ ಕರೆದುಕೊಂಡು ಬಂದಳು. ನಾಲ್ಕರಲ್ಲಿ ಒಂದು ಅವರ ಮೊಮ್ಮಗಳ ಹತ್ತಿರವೇ ಉಳೀತು.

ಹೌದು, ನಾನು ಬಟ್ಟೆಗೊಂಬೆ ಮಾಡ್ತೀನಿ. ಗೊಂಬೆಗೆ ಲಂಗ, ಅಂಗಿ, ಚಡ್ಡಿ, ಸ್ವೆಟರ್ ಎಲ್ಲಾ ಹೊಲೀತೀನಿ. ವಯಸ್ಸು ಮೂವತ್ತಾರು, ಓದಿದ್ದು ಬಿಇ, ಹೊಟ್ಟೆಪಾಡು ಸಾಫ್ಟ್‌ವೇರು. ನಮ್ಮ ಟೀಮಿನಲ್ಲಿ ಒಬ್ಬ ಟ್ರೆಕ್ಕಿಂಗ್ ಹೋಗ್ತಾನೆ, ಒಬ್ಬ ಮ್ಯಾರಥಾನ್ ಓಡ್ತಾನೆ, ಇನ್ನೊಬ್ಬಳು ಬಾಲ್ಕನಿಯಲ್ಲಿ ಟೊಮೆಟೊ ಬೆಳೀತಾಳೆ. ಅವರ್ಯಾರಿಗೂ 'ಯಾಕೆ' ಅಂತ ಯಾರೂ ಕೇಳಲ್ಲ. ನನಗೆ ಮಾತ್ರ ಎಲ್ಲರೂ ಕೇಳ್ತಾರೆ. ಒಂದು ಸಲ ಮೀಟಿಂಗ್ ನಡೀತಿದ್ದಾಗ ಕ್ಯಾಮೆರಾ ಆಫ್ ಆಗಿದೆ ಅಂದ್ಕೊಂಡು ತಲೆ ಇಲ್ಲದ ಗೊಂಬೆಯ ಹೊಟ್ಟೆಗೆ ಪೆನ್ಸಿಲ್‌ನಲ್ಲಿ ಹತ್ತಿ ತುರುಕ್ತಾ ಕೂತಿದ್ದೆ. ಕ್ಯಾಮೆರಾ ಆನ್ ಇತ್ತು. ಅಮೆರಿಕದ ಕಡೆಯವರು ಸುಮ್ಮನಿದ್ದರು. ನಮ್ಮವರೇ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ದು.

ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಮಗಳಿಗೆ ಆಗ ಮೂರು ವರ್ಷ. ಅಂಗಡಿಗಳೆಲ್ಲ ಮುಚ್ಚಿದ್ದವು, ಆನ್‌ಲೈನಿನಲ್ಲಿ ಅಕ್ಕಿ ಬೇಳೆ ಬಿಟ್ಟು ಬೇರೇನೂ ಬರ್ತಿರಲಿಲ್ಲ. ಅವಳ ಪ್ಲಾಸ್ಟಿಕ್ ಗೊಂಬೆಯ ಕಾಲು ಕಿತ್ತುಹೋಗಿ ಒಂದೇ ಸಮ ಅಳು. 'ಅಳಬೇಡ, ನಾನೇ ಒಂದು ಮಾಡ್ಕೊಡ್ತೀನಿ' ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಹಳೇ ಬಿಳಿ ಕುರ್ತಾ ಹರಿದೆ, ದಿಂಬಿನ ಒಂದು ಮೂಲೆ ಬಿಚ್ಚಿ ಹತ್ತಿ ತೆಗೆದೆ, ಕೈಹೊಲಿಗೆಯಲ್ಲೇ ಒಂದು ಆಕಾರ ಮಾಡಿದೆ. ಕುತ್ತಿಗೆ ನಿಲ್ಲಲೇ ಇಲ್ಲ. ಎತ್ತಿಕೊಂಡರೆ ತಲೆ ಹಿಂದಕ್ಕೆ ಜೋತು ಬೀಳೋದು, ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ. ಹೊಟ್ಟೆಗೆ ಮಾತ್ರ ಹತ್ತಿ ಜಾಸ್ತಿಯಾಗಿ ಮಡಕೆಯಂತಾಗಿತ್ತು. ಮಗಳು ಸುತ್ತ ತಿರುಗಿಸಿ ನೋಡಿ 'ಗುಂಡಮ್ಮ' ಅಂದಳು. ಅವತ್ತಿಂದ ಅದೇ ಹೆಸರು.

ಗುಂಡಮ್ಮ ಆದಮೇಲೆ ಇಲ್ಲಿವರೆಗೆ ಇಪ್ಪತ್ಮೂರು ಗೊಂಬೆ ಮಾಡಿದೀನಿ. ಹೇಳೋಕೆ ಸುಲಭ, ಎರಡು ತುಂಡು ಬಟ್ಟೆ ಸೇರಿಸಿ ಹೊಲಿದು ಮಗುಚಿ ಹತ್ತಿ ತುಂಬೋದು. ಮಾಡೋಕೆ ಕೂತಾಗಲೇ ಗೊತ್ತಾಗೋದು. ಮೊದಲನೆಯದಾಗಿ ಹೊಲಿಗೆ ಸಣ್ಣದಿರಬೇಕು. ಮಷಿನ್ನಿನಲ್ಲಿ ಸಾಮಾನ್ಯ ಬಟ್ಟೆಗೆ ಇಡೋ ಉದ್ದದ ಹೊಲಿಗೆ ಇಟ್ಟರೆ ಹತ್ತಿ ತುಂಬುವಾಗ ಹೊಲಿಗೆ ಹಲ್ಲು ಕಿರಿದು ಒಳಗಿಂದ ಬಿಳಿ ಇಣುಕುತ್ತೆ. ಕುತ್ತಿಗೆ, ಕಂಕುಳು, ಹೆಬ್ಬೆರಳಿನ ಬುಡದಂಥ ತಿರುವುಗಳಲ್ಲಿ ಅಂಚಿಗೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಬೇಕು, ಹೊಲಿಗೆಯ ಹತ್ತಿರದವರೆಗೆ, ಆದರೆ ಹೊಲಿಗೆಗೆ ತಾಗದ ಹಾಗೆ. ಹಾಕದೇ ಮಗುಚಿದರೆ ಬಟ್ಟೆ ಸುಕ್ಕುಗಟ್ಟಿ ಗೊಂಬೆಗೆ ವಾತ ಹಿಡಿದ ಹಾಗೆ ಕಾಣುತ್ತೆ. ಬೆರಳುಗಳನ್ನ ಮಗುಚೋಕೆ ನಾನು ಬಳಸೋದು ಚೈನೀಸ್ ಪಾರ್ಸಲ್ ಜೊತೆ ಬರೋ ಮರದ ಕಡ್ಡಿ. ಅದಕ್ಕಿಂತ ಒಳ್ಳೇ ಸಾಧನ ಇನ್ನೂ ಸಿಕ್ಕಿಲ್ಲ.

ಕುತ್ತಿಗೆ ವಿಷಯ ಬಗೆಹರಿಸೋಕೆ ನನಗೆ ಐದು ಗೊಂಬೆ ಬೇಕಾಯ್ತು. ಹೊಟ್ಟೆಗೆ ಹಾಕೋ ಹತ್ತಿ ಮೆತ್ತಗಿರಬಹುದು. ಕುತ್ತಿಗೆಗೆ ಮಾತ್ರ 'ಇನ್ನು ಹಿಡಿಯಲ್ಲ' ಅನ್ನಿಸಿದ ಮೇಲೂ ಮತ್ತೊಂದು ಹಿಡಿ ತುರುಕಬೇಕು. ಎದೆಯಿಂದ ತಲೆಯವರೆಗೆ ಹತ್ತಿ ಒಂದೇ ಗಟ್ಟಿ ಕಂಬದ ಹಾಗೆ ಹೋಗಬೇಕು, ಮಧ್ಯೆ ತುಂಡಾಗಬಾರದು. ಹತ್ತಿ ಅಂತೀನಿ, ಈಗ ನಾನು ತುಂಬೋದು ಪಾಲಿಯೆಸ್ಟರ್ ನಾರು. ಒಗೆದರೆ ಬೇಗ ಒಣಗುತ್ತೆ, ಗಂಟು ಕಟ್ಟಲ್ಲ. ನಮ್ಮೂರಿನ ಬೂರುಗದ ಹತ್ತಿ ತರಿಸಿ ಒಂದು ಮಾಡಿದ್ದೆ. ಎಷ್ಟು ಹಗುರ, ಎಷ್ಟು ತಣ್ಣಗೆ! ಆದರೆ ತುಂಬುವಾಗ ಮನೆಯೆಲ್ಲ ಹಾರಿ ಮೂರು ದಿನ ಸಾಂಬಾರಿನಲ್ಲೂ ಸಿಗ್ತಿತ್ತು.

ಕಣ್ಣಿಗೆ ಗುಂಡಿ ಹಾಕಲ್ಲ, ಸಣ್ಣ ಮಕ್ಕಳು ಕಿತ್ತು ಬಾಯಿಗೆ ಹಾಕ್ಕೋತಾರೆ ಅಂತ. ದಾರದಲ್ಲೇ ಎರಡು ಚುಕ್ಕಿ, ಬಾಯಿಗೆ ಒಂದು ಸಣ್ಣ ಗೆರೆ. ನಗು ಕೂಡ ಹಾಕಲ್ಲ. ಯುರೋಪಿನಲ್ಲಿ ವಾಲ್ಡಾರ್ಫ್ ಶಾಲೆಗಳ ಗೊಂಬೆಗಳು ಹೀಗೇ ಇರ್ತಾವೆ, ಮುಖದಲ್ಲಿ ಭಾವ ಕಮ್ಮಿ ಇದ್ದಷ್ಟೂ ಮಗು ತನಗೆ ಬೇಕಾದ್ದು ತುಂಬಿಕೊಳ್ಳುತ್ತೆ ಅನ್ನೋ ಲೆಕ್ಕ. ನನ್ನ ಲೆಕ್ಕ ಅಷ್ಟು ದೊಡ್ಡದಲ್ಲ. ನಾನು ನಗು ಹೊಲಿದರೆ ಅದು ಯಾವಾಗಲೂ ಮ್ಯಾನೇಜರ್ ನಕ್ಕ ಹಾಗೇ ಬರುತ್ತೆ.

ಗೊಂಬೆಗಿಂತ ಕಷ್ಟ ಗೊಂಬೆಯ ಬಟ್ಟೆ. ಇಲ್ಲೇ ನೋಡಿ ನನ್ನೊಳಗಿನ ಇಂಜಿನಿಯರ್ ಮೊದಲ ಸಲ ಮುಗ್ಗರಿಸಿದ್ದು. ನನ್ನ ಶರ್ಟಿನ ಉದ್ದ ಇಪ್ಪತ್ತೊಂಬತ್ತು ಇಂಚು, ಗುಂಡಮ್ಮನದು ಐದು. ಸರಿ, ಎಲ್ಲಾ ಅಳತೇನೂ ಆರರಿಂದ ಭಾಗಿಸಿದರಾಯ್ತು ಅಂತ ಎಕ್ಸೆಲ್ ಶೀಟ್ ಮಾಡಿದೆ! ಹೊಲಿದರೆ ಅಂಗಿಯಲ್ಲ, ರಟ್ಟಿನ ಡಬ್ಬ. ಯಾಕೆಂದರೆ ಉದ್ದ ಅಗಲವನ್ನ ಆರನೇ ಒಂದು ಮಾಡಬಹುದು, ಬಟ್ಟೆಯ ದಪ್ಪ ಆರನೇ ಒಂದಾಗಲ್ಲ. ಶರ್ಟಿಗೆ ಅರ್ಧ ಇಂಚು ಮಾರ್ಜಿನ್ ಬಿಟ್ಟರೆ ಗೊಂಬೆಗೆ ಎರಡು ಮಿಲಿಮೀಟರ್ ಬಿಡಬೇಕಾಗುತ್ತೆ. ಎರಡು ಮಿಲಿಮೀಟರಿನಲ್ಲಿ ಬಟ್ಟೆ ಎಳೆ ಬಿಟ್ಟುಕೊಂಡು ಹೊಲಿಗೆಯೇ ಜಾರಿಹೋಗುತ್ತೆ. ಕಾಲಿಂಚು ಬಿಟ್ಟರೆ ಕಂಕುಳಲ್ಲಿ ನಾಲ್ಕು ಪದರ ಸೇರಿ ತೋಳು ರೆಕ್ಕೆಯಂತೆ ಎದ್ದು ನಿಲ್ಲುತ್ತೆ. ಅದಕ್ಕೆ ಕಾಲಿಂಚು ಬಿಟ್ಟೇ ಹೊಲಿದು ಆಮೇಲೆ ಅಂಚು ಸವರಬೇಕು. ಬಟ್ಟೆಯನ್ನ ತೆಳ್ಳಗಿರೋದೇ ಆರಿಸಬೇಕು. ಹಳೇ ಕಾಟನ್ ಸೀರೆ, ಒಗೆದೊಗೆದು ಸವೆದ ಪಂಚೆ, ಮಲ್‌ಮಲ್. ಪ್ರಿಂಟು ಸಣ್ಣದಿರಬೇಕು, ನಿಮ್ಮ ಕುರ್ತಾದ ಮೇಲೆ ಮುದ್ದಾಗಿ ಕಾಣೋ ಗುಲಾಬಿ ಗೊಂಬೆಯ ಎದೆ ಮೇಲೆ ಹೂಕೋಸಾಗುತ್ತೆ. ಗುಳೇದಗುಡ್ಡದ ಖಣ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಬುಟ್ಟಾಗಳೇ ಗೊಂಬೆಯ ಅಳತೆಯವು, ಲಂಗ ಹೊಲಿದರೆ ಕಣ್ಣಿಗೆ ಹಬ್ಬ.

ಇನ್ನೊಂದು ಸಮಸ್ಯೆ ತಲೆ. ಗುಂಡಮ್ಮನ ಎದೆ ಸುತ್ತಳತೆ ಒಂಬತ್ತು ಇಂಚಾದರೆ ತಲೆ ಹನ್ನೊಂದು. ತಲೆ ಮೇಲಿಂದ ಯಾವ ಬಟ್ಟೇನೂ ಹಾಕಕ್ಕಾಗಲ್ಲ, ಮುಂದೆಯೋ ಹಿಂದೆಯೋ ಪೂರ್ತಿ ತೆರೆದಿರಬೇಕು. ಮತ್ತೆ, ನೀವು ಅಂಗಿ ಹಾಕ್ಕೊಳ್ಳುವಾಗ ಗಮನಿಸಿ, ನಿಮ್ಮ ಭುಜ, ಮೊಣಕೈ ಎಲ್ಲಾ ತಾವಾಗೇ ಬಗ್ಗಿ ಅಂಗಿಗೆ ಸಹಾಯ ಮಾಡ್ತಾವೆ. ಗೊಂಬೆ ಸಹಾಯ ಮಾಡಲ್ಲ. ಆದ್ದರಿಂದ ತೋಳು ಸಡಿಲ ಇಡಬೇಕು. ಹೊಲಿಯುವಾಗಲೂ ಅಷ್ಟೆ, ಮೊದಲು ತೋಳನ್ನ ಚಪ್ಪಟೆಯಾಗೇ ಭುಜಕ್ಕೆ ಕೂಡಿಸಿ ಆಮೇಲೆ ತೋಳಿನ ಕೆಳಗು, ಪಕ್ಕ ಎರಡನ್ನೂ ಒಂದೇ ಓಟದಲ್ಲಿ ಹೊಲೀಬೇಕು. ಮೊದಲೇ ಕೊಳವೆ ಮಾಡಿಕೊಂಡರೆ ಅಷ್ಟು ಸಣ್ಣ ಸುತ್ತಿನೊಳಗೆ ಮಷಿನ್ನಿನ ಪಾದವೇ ಹೋಗಲ್ಲ. ಗಾಢ ಕೆಂಪು, ಗಾಢ ನೀಲಿ ಬಟ್ಟೆ ಹಾಕೋ ಮೊದಲು ಎರಡು ಸಲ ಒಗೀಬೇಕು, ಇಲ್ಲದಿದ್ದರೆ ಬಣ್ಣ ಬಿಟ್ಟು ಗೊಂಬೆಯ ಮೈಯೆಲ್ಲ ಕಲೆ. ನಮ್ಮ ಮೂರನೇ ಗೊಂಬೆಗೆ ಈಗಲೂ ಕಾಲು ನೀಲಿಯೇ.

ಓದ್ತಾ ಹೋದರೆ ಈ ಲೋಕ ದೊಡ್ಡದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ನರ ಕಾಲದ ಒಂದು ಬಟ್ಟೆಗೊಂಬೆ ಇದೆ, ಈಜಿಪ್ಟಿನಲ್ಲಿ ಸಿಕ್ಕಿದ್ದು. ಲಿನನ್ ಬಟ್ಟೆ, ಒಳಗೆ ತುಂಬಿರೋದು ಚಿಂದಿ ಮತ್ತು ಪಪೈರಸ್ ಚೂರು. ಫೋಟೋದಲ್ಲಿ ನೋಡಿದಾಗ ಮೊದಲು ಅನ್ನಿಸಿದ್ದು, ಅಯ್ಯೋ ಇದು ನಮ್ಮಜ್ಜಿ ಮಾಡ್ತಿದ್ದುದೇ ಅಲ್ವಾ ಅಂತ. ಇನ್ನೊಂದು ಓದಿದ್ದು, 1959ರಲ್ಲಿ ಅಮೆರಿಕದಲ್ಲಿ ಬಾರ್ಬಿ ಬಂದಾಗ ಅವಳೂ ಅವಳ ಬಟ್ಟೆಗಳೂ ತಯಾರಾಗಿದ್ದು ಜಪಾನಿನಲ್ಲಿ. ಆ ಪುಟಾಣಿ ಬಟ್ಟೆಗಳನ್ನ ಹೊಲಿದವರು ಮನೆಯಲ್ಲೇ ಕೂತು ಪೀಸ್‌ವರ್ಕ್ ಮಾಡೋ ಜನ. ಇದನ್ನ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಇದೆ.

ನಮ್ಮಪ್ಪ ಟೈಲರು.

ಅರಸೀಕೆರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಊರು ನಮ್ಮದು. ಬಸ್‌ಸ್ಟ್ಯಾಂಡಿನ ಪಕ್ಕ ಹತ್ತು ಅಡಿ ಅಗಲದ ಅಂಗಡಿ, ಒಂದು ಉಷಾ ಮಷಿನ್ನು, ಗೋಡೆ ಮೇಲೆ ಯಾವುದೋ ಬಟ್ಟೆ ಕಂಪನಿಯ ಕ್ಯಾಲೆಂಡರು. ಯುಗಾದಿ, ಗೌರಿಹಬ್ಬ, ಜೂನಿನಲ್ಲಿ ಸ್ಕೂಲು ಶುರುವಾಗೋ ಸಮಯ, ಈ ಮೂರು ಸಲ ಅಪ್ಪ ಮನೆಗೇ ಬರ್ತಿರಲಿಲ್ಲ. ಅಮ್ಮ ಊಟ ಅಂಗಡಿಗೇ ಕಳಿಸೋಳು. ಅಳತೆ ತಗೊಳ್ಳುವಾಗ ಅಪ್ಪ ಟೇಪು ಹಿಡಿದು ರಾಗವಾಗಿ ಹೇಳೋರು, 'ಉದ್ದ ಇಪ್ಪತ್ತೆಂಟೂವರೆ, ಭುಜ ಹದಿನೇಳೂ ಕಾಲು, ತೋಳು ಒಂಬತ್ತು...' ನಾನು ಅಳತೆ ಪುಸ್ತಕದಲ್ಲಿ ಬರ್ಕೊಳ್ಳೋದು. ನನ್ನ ಅಂಕಿಗಳು ದುಂಡಗೆ ಬಂದಿದ್ದು ಸ್ಕೂಲಿನಲ್ಲಲ್ಲ, ಅಲ್ಲಿ.

ಮಷಿನ್ನಿನ ಕೆಳಗೆ ಬೀಳೋ ಚಿಂದಿ ನಂದು ಮತ್ತು ನನ್ನ ತಂಗಿಯದು. ಅಜ್ಜಿ ಅದರಲ್ಲಿ ಗೊಂಬೆ ಕಟ್ಟೋಳು. ಹೊಲಿಗೆಯಿಲ್ಲ, ಏನಿಲ್ಲ. ಬಟ್ಟೆ ಸುರುಳಿ ಸುತ್ತಿ, ಮೇಲೆ ದಾರ ಬಿಗಿದರೆ ತಲೆ, ಅಡ್ಡ ಒಂದು ತೆಂಗಿನ ಕಡ್ಡಿ ತೂರಿಸಿದರೆ ಕೈ, ಕಾಡಿಗೆಯಲ್ಲಿ ಕಣ್ಣು. ಅದಕ್ಕೆ ಲಂಗ ಹೊಲಿಯೋ ಕೆಲಸ ನಾನು ತಗೊಂಡೆ. ಪಕ್ಕದ ಮನೆ ಹುಡುಗಿಯ ಗೊಂಬೆ ಗಂಡು, ತಂಗಿಯದು ಹೆಣ್ಣು. ಜಗಲಿ ಮೇಲೆ ಅವಲಕ್ಕಿ ಬೆಲ್ಲ ಹಂಚಿ ಗೊಂಬೆ ಮದುವೆ. ಮದುಮಗಳ ಬಟ್ಟೆಯೆಲ್ಲ ನನ್ನ ಕಡೆಯಿಂದ. ರವಿಕೆಗೆ ಕೈ ಕೂಡ ಇಡ್ತಿದ್ದೆ. ಬೇರೆ ಬೀದಿಯ ಹುಡುಗಿಯರೂ ಗೊಂಬೆ ಹಿಡ್ಕೊಂಡು ಬರೋಕೆ ಶುರುಮಾಡಿದರು. ಐದನೇ ಕ್ಲಾಸಿನಲ್ಲಿ ನನಗೊಂದು ಪುಟ್ಟ ಅಂಗಡಿಯೇ ಇತ್ತು ಅನ್ನಿ, ಫೀಸು ನೆಲ್ಲಿಕಾಯಿ, ಹುಣಸೆಹಣ್ಣು.

ಒಂದು ದಿನ ಅಪ್ಪ ಮಧ್ಯಾಹ್ನ ಮನೆಗೆ ಬಂದವರು ಜಗಲಿ ಮೇಲೆ ಇದನ್ನ ನೋಡಿದರು. ಏನೂ ಮಾತಾಡದೆ ನನ್ನ ಕೈಯಿಂದ ಸೂಜಿ ತಗೊಂಡು ತಮ್ಮ ಅಂಗಿಯ ಕಾಲರಿಗೆ ಚುಚ್ಚಿಕೊಂಡರು. ಆಮೇಲೆ ಕಪಾಳಕ್ಕೆ ಒಂದು ಬಿಟ್ಟರು. 'ಇನ್ನೊಂದ್ ಸಲ ಸೂಜಿ ಮುಟ್ಟಿದ್ರೆ ಕೈ ಮುರೀತೀನಿ. ಹೋಗ್ ಓದ್ಕೋ.' ಅಪ್ಪ ನನಗೆ ಹೊಡೆದಿದ್ದು ಅದೊಂದೇ ಸಲ. ಅವತ್ತಿಂದ ಅಂಗಡಿಯಲ್ಲಿ ಅಳತೆ ಬರ್ಕೊಳ್ಳೋ ಕೆಲಸವೂ ತಪ್ಪಿತು.

ಗಂಡುಹುಡುಗ ಗೊಂಬೆ ಆಡಿದ ಅಂತ ಹೊಡೆದರು ಅಂತಲೇ ನಾನು ಬಹಳ ವರ್ಷ ತಿಳ್ಕೊಂಡಿದ್ದೆ. ಹಾಸ್ಟೆಲಿನಲ್ಲಿ ಫ್ರೆಂಡ್ಸ್ ಹತ್ತಿರ ಹಾಗೇ ಹೇಳಿ ನಗಿಸಿದ್ದೂ ಇದೆ. (ಅದೇ ಫ್ರೆಂಡ್ಸ್‌ಗೆ ಅಪ್ಪನ ಕೆಲಸ 'ಬಟ್ಟೆ ಬಿಸಿನೆಸ್' ಅಂತ ಹೇಳಿದ್ದೆ. ಅದನ್ನೂ ಬರೆದುಬಿಡ್ತೀನಿ.) ದಿನಾ ಹದಿನಾಲ್ಕು ಗಂಟೆ ಸೂಜಿ ಹಿಡಿದು ಕೂರೋ ಗಂಡಸಿಗೆ, ಗಂಡಸು ಸೂಜಿ ಹಿಡೀಬಾರದು ಅಂತ ಯಾಕೆ ಅನ್ನಿಸುತ್ತೆ ಅನ್ನೋ ಸರಳ ಪ್ರಶ್ನೆ ನನ್ನ ತಲೆಗೆ ಬರೋಕೆ ನಾನು ಅಪ್ಪ ಆಗಬೇಕಾಯ್ತು. ಅವರಿಗೆ ಕಂಡಿದ್ದು ಗೊಂಬೆಯಲ್ಲ. ಹೊಲಿಗೆ ನನ್ನ ಕೈಗೆ ಚೆನ್ನಾಗಿ ಕೂರ್ತಿದೆ ಅನ್ನೋದು. ಒಂದು ಶರ್ಟಿಗೆ 35 ರೂಪಾಯಿ ಸಿಗ್ತಿದ್ದ ಕಾಲ ಅದು.

2010ರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಒಂದು ಶರ್ಟ್ ತಗೊಂಡು ಹೋದೆ. ಮಾಲ್‌ನಲ್ಲಿ ಕೊಂಡ ರೆಡಿಮೇಡ್ ಶರ್ಟು, ದೊಡ್ಡ ಬ್ರಾಂಡಿನದು, ಡಬ್ಬದಲ್ಲಿ ಪ್ಯಾಕ್ ಆಗಿದ್ದು. ಅಪ್ಪ ಡಬ್ಬ ತೆಗೆದು, ಪಿನ್ನುಗಳನ್ನ ಒಂದೊಂದಾಗಿ ಬಿಡಿಸಿ ಪಕ್ಕಕ್ಕಿಟ್ಟು, ಶರ್ಟನ್ನ ಒಳಹೊರಗು ಮಾಡಿ, ಪಕ್ಕದ ಹೊಲಿಗೆ ಮೇಲೆ ಹೆಬ್ಬೆರಳು ಎಳೆದು ನೋಡಿದರು. 'ಚೆನ್ನಾಗದೆ' ಅಂದರು. ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ ಟ್ರಂಕಿಗೆ ಇಟ್ಟರು. ಹಾಕಲಿಲ್ಲ. ಊರಿನವರೆಲ್ಲ ಅರಸೀಕೆರೆ ಸಂತೆಯಿಂದ ರೆಡಿಮೇಡ್ ತರೋಕೆ ಶುರು ಮಾಡಿ ಆಗಲೇ ಕೆಲವು ವರ್ಷ ಆಗಿತ್ತು, ಅಪ್ಪನ ಅಂಗಡಿಗೆ ಬರ್ತಿದ್ದುದು ಪ್ಯಾಂಟಿನ ಉದ್ದ ಕಮ್ಮಿ ಮಾಡ್ಸೋಕೆ, ಜಿಪ್ ಹಾಕ್ಸೋಕೆ. ನಾನು ಎಂಥ ಉಡುಗೊರೆ ತಗೊಂಡು ಹೋದೆ ಅನ್ನೋದು ನನಗೆ ಆಗ ಹೊಳೆದಿರಲಿಲ್ಲ. 2016ರಲ್ಲಿ ಅಂಗಡಿ ಮುಚ್ಚಿದರು. ಮಷಿನ್ನು ಮನೆಗೆ ಬಂತು. ಲಾಕ್‌ಡೌನ್‌ನಲ್ಲಿ ಊರಿಗೆಲ್ಲ ಮಾಸ್ಕ್ ಹೊಲಿದು ಹಂಚಿದ್ದೇ ಕೊನೆ, ಆಮೇಲೆ ಅದರ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಟ್ಟಿದ್ದರು.

ಇದೆಲ್ಲ ಯಾಕೆ ಹೇಳ್ದೆ ಅಂದರೆ, ನಾಲ್ಕು ವರ್ಷ ನಾನು ಈ ಗೊಂಬೆಗಳನ್ನ ಅಪ್ಪನಿಂದ ಮುಚ್ಚಿಟ್ಟಿದ್ದೆ. ಅವರು ಬೆಂಗಳೂರಿಗೆ ಬರ್ತಾರೆ ಅಂದರೆ ಮಷಿನ್ನು ಮಂಚದ ಕೆಳಗೆ, ಗೊಂಬೆಗಳೆಲ್ಲ ಸೂಟ್‌ಕೇಸಿನಲ್ಲಿ ಅಟ್ಟಕ್ಕೆ. 'ಸಿಗರೇಟ್ ಬಚ್ಚಿಡೋ ಕಾಲೇಜ್ ಹುಡುಗರ ಥರ ಆಡ್ತೀರ' ಅಂತ ಹೆಂಡತಿ ನಗೋಳು. ನಾನೇನು ಹೇಳಲಿ? ಯಾವ ಕೆಲಸದಿಂದ ನನ್ನನ್ನ ಬಿಡಿಸೋಕೆ ಆ ಮನುಷ್ಯ ಬೆನ್ನು ಬಾಗಿಸಿಕೊಂಡರೋ ಅದೇ ಕೆಲಸವನ್ನ ನಾನೀಗ ಶನಿವಾರ ಭಾನುವಾರ ಏಸಿ ಹಾಕ್ಕೊಂಡು, ಹಾಡು ಕೇಳ್ಕೊಂಡು, ಮಜಾಕ್ಕೆ ಮಾಡ್ತಿದೀನಿ ಅಂತ ಹೇಳೋದು ಹೇಗೆ?

ಈ ವರ್ಷ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಊರಿಗೆ ಹೋಗಿದ್ದವರು ತಿಂಗಳು ಬಿಟ್ಟು ಚೆಕಪ್‌ಗೆ ಬಂದು, ಹತ್ತಿರದ್ದು ನೋಡೋಕೆ ಹೊಸ ಕನ್ನಡಕ ಮಾಡಿಸಿಕೊಂಡು ನಮ್ಮನೆಯಲ್ಲಿ ನಾಲ್ಕು ದಿನ ಉಳಿದರು. ಗೊಂಬೆಗಳು ಅಟ್ಟದಲ್ಲಿದ್ದವು. ಆದರೆ ಗುಂಡಮ್ಮ ಇಲ್ಲದೆ ಮಗಳು ಮಲಗಲ್ಲ. ಮೊದಲ ರಾತ್ರಿಯೇ ಅದನ್ನ ಬಗಲಲ್ಲಿ ಇಟ್ಕೊಂಡು ತಾತನ ಪಕ್ಕ ಹೋಗಿ ಕೂತಳು. 'ತಾತಾ, ಗುಂಡಮ್ಮನ ಶರ್ಟು ನೋಡು, ನಿನ್ನ ಥರಾನೇ ಇದೆ. ಅಪ್ಪ ಹೊಲಿದಿದ್ದು.'

ನಿಜವೇ. ತಾತನ ಥರ ಕಾಲರ್ ಇರೋ ಶರ್ಟೇ ಬೇಕು ಅಂತ ಅವಳು ಹಟ ಮಾಡಿ ಹೊಲಿಸಿಕೊಂಡಿದ್ದಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

ಅಪ್ಪ ಕನ್ನಡಕ ಹಾಕ್ಕೊಂಡರು. ಗುಂಡಮ್ಮನನ್ನ ಮಗುಚಿ, ಶರ್ಟು ಬಿಚ್ಚಿ, ಒಳಹೊರಗು ಮಾಡಿ, ಪಕ್ಕದ ಹೊಲಿಗೆ ಮೇಲೆ ಹೆಬ್ಬೆರಳು ಎಳೆದರು.

'ಇದನ್ನ ಯಾವಾಗಿಂದ ಮಾಡ್ತಿದೀಯ?'

'ಲಾಕ್‌ಡೌನಿಂದ.'

'ದುಡ್ಡಿಗಾ?'

'ಇಲ್ಲ. ಸುಮ್ಮನೆ.'

'ಸುಮ್ನೆ' ಅಂದರು ಅಪ್ಪ. ಬೈಗುಳ ಇರಲಿಲ್ಲ ಅದರಲ್ಲಿ, ನಾನು ಹೇಳಿದ ಪದವನ್ನ ನಾಲಿಗೆ ಮೇಲೆ ಇಟ್ಟು ನೋಡಿದ ಹಾಗಿತ್ತು. ಟಿವಿಯಲ್ಲಿ ಯಾವುದೋ ಜಾಹೀರಾತು ಬಂದು ಹೋಯ್ತು. ಇನ್ನೊಂದು ಬಂತು. ನಾನು ಏನಾದರೂ ಹೇಳಬೇಕು ಅಂತ ಬಾಯಿ ತೆಗೆಯುವಷ್ಟರಲ್ಲಿ ಅವರೇ ಅಂದರು, 'ಇದು ಕಾಲರ್ರೇನ್ಲಾ? ಎಮ್ಮೆ ನಾಲಿಗೆ ಇದ್ದಂಗದೆ.'

ಒಳಗೆ ಕ್ಯಾನ್ವಾಸ್ ಹಾಕಿದ್ದೆ, ಗಟ್ಟಿ ನಿಲ್ಲಲಿ ಅಂತ. ಅದೇ ತಪ್ಪಂತೆ. ಇಷ್ಟು ಸಣ್ಣ ಕಾಲರಿಗೆ ಕ್ಯಾನ್ವಾಸ್ ಯಾಕೆ, ಬಟ್ಟೆಗೇ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಸಾಲದಾ? ಕೆಳಗಿನ ಪದರ ಮೇಲಿನದಕ್ಕಿಂತ ಒಂದೆರಡು ಎಳೆ ಕಮ್ಮಿ ಕತ್ತರಿಸಬೇಕು, ಆಗ ಅಂಚು ತಾನಾಗೇ ಕೆಳಕ್ಕೆ ಬಾಗುತ್ತೆ. ಮೂಲೆ ಚೂಪಾಗೋಕೆ ಒಂದು ಉಪಾಯ ಇದೆ. ಮೂಲೆಯವರೆಗೆ ಹೊಲಿದು, ಸೂಜಿ ಬಟ್ಟೆಯಲ್ಲೇ ಇರುವಾಗ ಒಂದು ತುಂಡು ದಾರವನ್ನ ಎರಡು ಪದರದ ಮಧ್ಯೆ ಸೂಜಿಗೆ ಸಿಕ್ಕಿಸಿ, ಆಮೇಲೆ ತಿರುಗಿಸಿ ಮುಂದಿನ ಬದಿ ಹೊಲೀಬೇಕು. ಮಗುಚಿದ ಮೇಲೆ ಆ ದಾರ ಹಿಡಿದು ಮೆಲ್ಲಗೆ ಎಳೆದರೆ ಮೂಲೆ ಮೊಳೆ ಥರ ಹೊರಗೆ ಬರುತ್ತೆ, ದಾರ ತೆಗೆದು ಬಿಸಾಕೋದು. ನಾನು ಇಷ್ಟು ದಿನ ಚೈನೀಸ್ ಕಡ್ಡಿಯಿಂದ ತಿವಿದು ತಿವಿದು ಮೂಲೆ ತೂತು ಮಾಡ್ತಿದ್ದೆ. ಎಷ್ಟೊಂದು ವಿಡಿಯೋ ನೋಡಿದ್ದೆನಲ್ಲ, ಇದನ್ನ ಕಲಿತಿದ್ದು ಅವತ್ತೇ. ಹತ್ತು ಅಡಿ ಅಂಗಡಿಯಲ್ಲಿ ನನ್ನ ಕಣ್ಣೆದುರೇ ಸಾವಿರ ಸಲ ಆಗಿರಬೇಕು ಅದು.

'ಮಷಿನ್ ಎಲ್ಲಿ?' ಅಂದರು. ಮಂಚದ ಕೆಳಗಿಂದ ತೆಗೆದೆ. ಎಲೆಕ್ಟ್ರಿಕ್ ಮಷಿನ್ನು, ಮುಟ್ಟಿದರೆ ಓಡೋದು. ಅಪ್ಪ ಒಂದು ಚಿಂದಿ ಇಟ್ಟು ಪೆಡಲ್ ಒತ್ತಿ, ಬೆಚ್ಚಿ ಕಾಲು ತೆಗೆದರು. 'ಇದು ನಮ್ ಮಾತ್ ಕೇಳಲ್ಲ' ಅಂತ ಬಿಟ್ಟರು. ಅಟ್ಟದ ಸೂಟ್‌ಕೇಸನ್ನೂ ಇಳಿಸಿದೆ, ಇನ್ನೇನು ಮುಚ್ಚಿಡೋದು. ಒಂದೊಂದೇ ತೆಗೆದು ನೋಡಿದರು. ಖಣದ ಲಂಗ ಕಟ್ಟಿದ್ದ ಗೊಂಬೆಯನ್ನ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಕೊಂಡಿದ್ದರು. ಹೊಗಳಲಿಲ್ಲ. 'ನೆರಿಗೆ ಎಣಿಸಿ ಹಾಕಿದೀಯ' ಅಂದರು. ಎಣಿಸಿಯೇ ಹಾಕಿದ್ದೆ.

ಮಾರನೇ ದಿನ ಬೆಳಿಗ್ಗೆ ನಾನು ಕಾಲ್‌ನಲ್ಲಿದ್ದೆ. ಹಾಲ್‌ನಿಂದ ಅಪ್ಪನ ದನಿ ಕೇಳಿಸ್ತು, ರಾಗವಾಗಿ. 'ಉದ್ದ ಐದು... ಭುಜ ಮೂರು... ತೋಳು ಎರಡೂ ಮುಕ್ಕಾಲು...' ಮ್ಯೂಟ್ ಮಾಡಿ ಹೋಗಿ ನೋಡಿದರೆ ಗುಂಡಮ್ಮನನ್ನ ಟೀಪಾಯಿ ಮೇಲೆ ನಿಲ್ಲಿಸಿದಾರೆ. ಮಗಳು ಅದರ ತಲೆ ಹಿಡ್ಕೊಂಡಿದಾಳೆ, ಕುತ್ತಿಗೆ ಇವತ್ತಿಗೂ ನಿಲ್ಲಲ್ಲವಲ್ಲ. ಬರ್ಕೊಳ್ಳೋರು ಯಾರೂ ಇರಲಿಲ್ಲ. ಮಗಳ ಡ್ರಾಯಿಂಗ್ ಪುಸ್ತಕ ಎಳ್ಕೊಂಡು ನಾನೇ ಬರೆದೆ. 'ಎದೆ ಒಂಬತ್ತು. ಕಾಲರ್ ಐದೂವರೆ. ಹೊಟ್ಟೆ...' ಅಂತ ನಿಲ್ಲಿಸಿ, ಟೇಪು ಇನ್ನೊಂದು ಸಲ ಸುತ್ತಿ, 'ಹೊಟ್ಟೆ ಹತ್ತೂವರೆ. ಏನ್ ತಿನ್ನುಸ್ತೀಯವ್ವಾ ಇವಳಿಗೆ?' ಅಂದರು. ಮಗಳು ಬಿದ್ದು ಬಿದ್ದು ನಕ್ಕಳು. ಹಾಳೆ ಹರಿದು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಚಪ್ಪಲಿ ಹಾಕ್ಕೊಳ್ಳುವಾಗ, ರೈಲು ಹತ್ತುವಾಗ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎರಡು ವಾರ ಬಿಟ್ಟು ಊರಿಗೆ ಹೋಗಿದ್ದೆ. ಮಷಿನ್ನಿನ ಮೇಲಿನ ಬೆಡ್‌ಶೀಟ್ ಮಡಿಸಿ ಪಕ್ಕಕ್ಕಿಟ್ಟಿತ್ತು, ಎಣ್ಣೆ ವಾಸನೆ ಬರ್ತಿತ್ತು. ಅಪ್ಪ ತೋಟದ ಕಡೆ ಹೋಗಿದ್ದರು. ಡ್ರಾಯರ್ ಎಳೆದರೆ ಮೇಲೇ ಸಿಕ್ಕಿತು ಹಳೇ ಅಳತೆ ಪುಸ್ತಕ. ಕೊನೆಯ ಬರಹ 2016ರ ಮಾರ್ಚಿನದು, ಯಾರದೋ ಪ್ಯಾಂಟು. ಅದರ ಕೆಳಗೆ ಸ್ಕೇಲಿಟ್ಟು ಒಂದು ಗೆರೆ ಎಳೆದು, ಅಪ್ಪನ ಕೈಬರಹದಲ್ಲಿ: ಗುಂಡಮ್ಮ, ಬೆಂಗಳೂರು. ಶರ್ಟ್ 1. ಉದ್ದ 5, ಭುಜ 3, ತೋಳು 2¾, ಎದೆ 9, ಹೊಟ್ಟೆ 10½, ಕಾಲರ್ 5½. ಅಡ್ವಾನ್ಸ್ ಅನ್ನೋ ಕಡೆ ಒಂದು ಅಡ್ಡಗೆರೆ. ಡೆಲಿವರಿ: ಶುಕ್ರವಾರ.

ಪುಸ್ತಕವನ್ನ ಇದ್ದ ಹಾಗೇ ಇಟ್ಟು ಬಂದೆ. ಶುಕ್ರವಾರ ಸಂಜೆ ಮಗಳ ಕೈಯಲ್ಲಿ ಫೋನ್ ಮಾಡಿಸಿದೆ.

'ಎಲ್ಲಾ ಆಗದೆ ಕಣವ್ವಾ' ಅಂದರಂತೆ ತಾತ, 'ಕಾಜಾ ಒಂದ್ ಬಾಕಿ. ಸೋಮವಾರ ಬಾ.'